ವಸಡಿನ ಡೀಪ್ ಕ್ಲೀನಿಂಗ್
ವಸಡಿನ ಒಳಗೆ, ಹಲ್ಲಿನ ಬೇರಿನ ಮೇಲೆ ಕಲ್ಲುಗಟ್ಟಿದ ಪಾಚಿಯನ್ನು ಕೆರೆದು ತೆಗೆದು ಬೇರಿನ ಮೈ ನಯಗೊಳಿಸುವ ಚಿಕಿತ್ಸೆ. ದಂತವೈದ್ಯರ ಮಾತಿನಲ್ಲಿ ಸ್ಕೇಲಿಂಗ್ ಮತ್ತು ರೂಟ್ ಪ್ಲೇನಿಂಗ್. ಆರೋಗ್ಯವಂತ ವಸಡಿಗೂ ಹಲ್ಲಿಗೂ ನಡುವಿನ ಸಂದಿನ ಆಳ 1ರಿಂದ 3 ಮಿ.ಮೀ. ಅದು 4 ಮಿ.ಮೀ. ಮುಟ್ಟಿ, ರಕ್ತ ಒಸರುತ್ತಿದ್ದು, ಎಕ್ಸ್‌ರೇಯಲ್ಲಿ ಮೂಳೆ ಸವೆದಂತೆ ಕಂಡರೆ ಇದನ್ನು ಸೂಚಿಸುತ್ತಾರೆ.

ಚುಚ್ಚುಮದ್ದಿನಿಂದ ಜಾಗವನ್ನು ಮರಗಟ್ಟಿಸಿ, ನೀರು ಚಿಮ್ಮಿಸುತ್ತ ಕಂಪಿಸುವ ಅಲ್ಟ್ರಾಸಾನಿಕ್ ಯಂತ್ರದಿಂದಲೂ ಕ್ಯುರೆಟ್ ಎಂಬ ಬಾಗಿದ ಕೈಸಲಕರಣೆಯಿಂದಲೂ ಕೆರೆಯುತ್ತಾರೆ. ಬಾಯಿಯನ್ನು ನಾಲ್ಕು ಭಾಗ ಮಾಡಿಕೊಂಡು ಎರಡು ಅಥವಾ ಹೆಚ್ಚು ಭೇಟಿಗಳಲ್ಲಿ ಮುಗಿಸುವುದು ರೂಢಿ. ನೋವಿಗಿಂತ ಒತ್ತಡ ಮತ್ತು ಕೆರೆತದ ಸದ್ದೇ ಹೆಚ್ಚು ತಿಳಿಯುತ್ತದೆ. ಮರಗಟ್ಟಿದ್ದು ಇಳಿಯುವ ತನಕ ಬಿಸಿ ಕಾಫಿ ಬೇಡ. ತುಟಿ ಸುಟ್ಟರೂ ಗೊತ್ತಾಗದು. ಆಮೇಲೆ ಕೆಲವು ದಿನ ತುಸು ನೋವು, ತಣ್ಣೀರು ಕುಡಿದರೆ ಜುಮ್ಮೆನ್ನುವುದು ಸಹಜ.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಮಾತು ನಮ್ಮಲ್ಲಿ ಇಂದಿಗೂ ಇದೆ. ಸಡಿಲ ಮಾಡಿದ್ದು ರೋಗ. ಕಲ್ಲು ಕಳಚಿದಾಗ ಅದು ಬಯಲಾಗುತ್ತದೆ, ಅಷ್ಟೇ. ಬಾವು ಇಳಿದು ವಸಡು ಕುಗ್ಗುವುದರಿಂದ ಹಲ್ಲಿನ ಸಂದುಗಳು ಎದ್ದು ಕಾಣುವುದಂತೂ ನಿಜ. ಕೆಲವು ವಾರಗಳ ನಂತರ ವಸಡಿಗೂ ಹಲ್ಲಿಗೂ ನಡುವಿನ ಸಂದಿನ ಆಳವನ್ನು ಮತ್ತೆ ಅಳೆಯುತ್ತಾರೆ. ಇಳಿಯದಿದ್ದರೆ ವಸಡಿನ ಶಸ್ತ್ರಚಿಕಿತ್ಸೆ ಬೇಕಾಗಬಹುದು.