ದಪ್ಪ ಆಯಿಲ್ ಹಾಕಿದರೆ ಹಳೇ ಕಾರಿನ ಸೋರಿಕೆ ನಿಂತು, ಚಳಿಯಲ್ಲೂ ಬೇಗ ಸ್ಟಾರ್ಟ್ ಆಗುತ್ತದೆಯೇ?

ಚಳಿಗಾಲ ಶುರುವಾದರೆ ಸಾಕು, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಳೇ ಕಾರಿನ ಮನೆಮದ್ದುಗಳೂ ಓಡಾಡತೊಡಗುತ್ತವೆ. ನಮಗೆ ಬಂದ ಒಂದು ಸಂದೇಶದ ಸಾರ ಇಷ್ಟು: ಎಂಜಿನ್ ಆಯಿಲ್ ಸೋರಿ ಕಡಿಮೆಯಾಗುವುದರಿಂದಲೇ ಹಳೇ ಕಾರು ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ; ದಪ್ಪ ಆಯಿಲ್ ಹಾಕಿಸಿದರೆ ಎರಡೂ ಸರಿಹೋಗುತ್ತವೆ.

ಇದು ಬಹುಮಟ್ಟಿಗೆ ತಪ್ಪು. ಹೆಚ್ಚಿನ ಸಲ ಇವೆರಡೂ ಬೇರೆ ಬೇರೆ ತೊಂದರೆಗಳು. ದಪ್ಪ ಆಯಿಲ್ ಸೋರಿಕೆಯನ್ನು ಸ್ವಲ್ಪ ದಿನ ಮರೆಮಾಚಬಹುದು, ಆದರೆ ಬೆಳಗಿನ ಸ್ಟಾರ್ಟಿಂಗ್ ತೊಂದರೆಯನ್ನು ಹೆಚ್ಚಿಸುತ್ತದೆ.

ಡಬ್ಬದ ಮೇಲಿನ ಅಂಕಿ ಏನು ಹೇಳುತ್ತದೆ?

ಆಯಿಲ್ ಡಬ್ಬದ ಮೇಲೆ 20ಡಬ್ಲ್ಯು-50, 10ಡಬ್ಲ್ಯು-30 ಎಂದೆಲ್ಲ ಬರೆದಿರುತ್ತದೆ. 'ಡಬ್ಲ್ಯು' ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಕಡಿಮೆಯಿದ್ದಷ್ಟೂ ಆಯಿಲ್ ಚಳಿಯಲ್ಲಿ ಸಲೀಸಾಗಿ ಹರಿಯುತ್ತದೆ. ಮುಂದಿನ ಅಂಕಿ ಎಂಜಿನ್ ಬಿಸಿಯಾದಾಗ ಆಯಿಲ್ ಎಷ್ಟು ದಪ್ಪಗಿರುತ್ತದೆ ಎಂಬುದಕ್ಕೆ. ಆಯಿಲ್ ದಪ್ಪವಾದಷ್ಟೂ ತಣ್ಣನೆಯ ಎಂಜಿನ್ ತಿರುಗಿಸಲು ಸೆಲ್ಫ್ ಮೋಟರ್‌ಗೆ ಹೆಚ್ಚು ಕಷ್ಟ. ನಮ್ಮ ಕೊಡಗು, ಚಿಕ್ಕಮಗಳೂರಿನ ಚಳಿಗೆ ಒಳ್ಳೆಯ ಬ್ಯಾಟರಿ ಇದನ್ನು ನಿಭಾಯಿಸೀತು. ಸೊರಗಿದ ಬ್ಯಾಟರಿ ಅಲ್ಲೇ ಕೈಕೊಡುತ್ತದೆ. ಹಾಗಾಗಿ ಕಾರಿನ ಕೈಪಿಡಿಯಲ್ಲಿ ಹೇಳಿದ ಗ್ರೇಡ್ ಬಿಟ್ಟು ಬೇರೆಯದಕ್ಕೆ ಹೋಗಬೇಡಿ.

ಸೆಲ್ಫ್ ಹೊಡೆದಾಗ ಕಿವಿಗೊಡಿ

ಅರ್ಧ ಉತ್ತರ ಆ ಶಬ್ದದಲ್ಲೇ ಇದೆ. ಎಂಜಿನ್ ಎಳೆದೆಳೆದು ನಿಧಾನವಾಗಿ ತಿರುಗಿದರೆ, ಅಥವಾ ಬರೀ 'ಟಕ್ ಟಕ್' ಎಂದರೆ, ಮೊದಲು ನೋಡಬೇಕಾದ್ದು ಬ್ಯಾಟರಿ, ಅದರ ಟರ್ಮಿನಲ್ ಮತ್ತು ಅರ್ಥ್ ವೈರ್. ರಾತ್ರಿಯಿಡೀ ನಿಂತ ಕಾರಿನ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2ರ ಹತ್ತಿರ ಇದ್ದರೆ ಅರ್ಧ ಖಾಲಿ ಎಂದೇ ಲೆಕ್ಕ. ನಮ್ಮಲ್ಲೊಬ್ಬರ ಮನೆಯಲ್ಲಿ ಹೊಸ ಸೆಲ್ಫ್ ಮೋಟರ್ ಹಾಕಿಸಿದ ಮೇಲೂ ಕಾರು ಹಟ ಬಿಡಲಿಲ್ಲ. ಕೊನೆಗೆ ಸಿಕ್ಕ ಕಳ್ಳ, ತುಕ್ಕು ಹಿಡಿದ ಅರ್ಥ್ ವೈರ್!

ಎಂಜಿನ್ ಚುರುಕಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ಬೈಯಬೇಡಿ. ತೊಂದರೆ ಇಂಧನದಲ್ಲೋ ಕಿಡಿಯಲ್ಲೋ ಇರುತ್ತದೆ. ಹಳೇ ಮಾರುತಿ 800ರಂಥ ಕಾರ್ಬ್ಯುರೇಟರ್ ಕಾರಾದರೆ ಚೋಕ್ ಪೂರ್ತಿ ಎಳೆಯುತ್ತಿದೆಯೇ ನೋಡಿ. ಎಂಜಿನ್ ಬಿಸಿಯಾದ ಮೇಲೆ ಚೋಕ್ ಒಳಗೆ ತಳ್ಳುವುದನ್ನು ಮರೆತರೆ ಹೆಚ್ಚುವರಿ ಪೆಟ್ರೋಲ್ ಆಯಿಲ್‌ಗೆ ಸೇರಿ ಅದನ್ನು ನೀರಾಗಿಸುತ್ತದೆ. ಇಂಜೆಕ್ಷನ್ ಇರುವ ಪೆಟ್ರೋಲ್ ಕಾರಿನಲ್ಲಿ ಹೀಗೆ ಮಾಡಿ: ಕೀ ಆನ್ ಮಾಡಿ, ಎರಡು ಮೂರು ಸೆಕೆಂಡ್ ಬಿಟ್ಟು ಆಫ್ ಮಾಡಿ, ಮತ್ತೆ ಆನ್ ಮಾಡಿ ಆಮೇಲೆ ಸೆಲ್ಫ್ ಹೊಡೆಯಿರಿ. ಆಗ ತಟ್ಟನೆ ಸ್ಟಾರ್ಟ್ ಆದರೆ, ರಾತ್ರಿ ಪೈಪಿನಲ್ಲಿನ ಪೆಟ್ರೋಲ್ ಒತ್ತಡ ಇಳಿದುಹೋಗುತ್ತಿದೆ ಎಂದು ಊಹಿಸಬಹುದು. ಗ್ಲೋ ಪ್ಲಗ್ ಇರುವ ಡೀಸೆಲ್ ಕಾರಿನಲ್ಲಿ ಸುರುಳಿಯಾಕಾರದ ಹಳದಿ ದೀಪ ಆರುವವರೆಗೂ ಕಾಯಬೇಕು.

ಸೋರಿಕೆಗೆ ರಟ್ಟಿನ ಪರೀಕ್ಷೆ

ರಾತ್ರಿ ಎಂಜಿನ್ ಕೆಳಗೆ ಒಂದು ರಟ್ಟು ಹಾಸಿಡಿ. ಕಂದು ಅಥವಾ ಕಪ್ಪು ಕಲೆ ಎಂಜಿನ್ ಆಯಿಲ್. ಹಸಿರು ಅಥವಾ ಗುಲಾಬಿ ಬಣ್ಣದ್ದು ಸಾಮಾನ್ಯವಾಗಿ ಕೂಲಂಟ್. ಎಸಿ ಓಡಿಸಿ ನಿಲ್ಲಿಸಿದಾಗ ತೊಟ್ಟಿಕ್ಕುವ ತಿಳಿನೀರಿಗೆ ಹೆದರಬೇಕಿಲ್ಲ. ಚಕ್ರದ ಪಕ್ಕ ತಿಳಿ ಹಳದಿಯ, ಜಾರುವ ದ್ರವ ಕಂಡರೆ ಅದು ಬ್ರೇಕ್ ಆಯಿಲ್ ಆಗಿರಬಹುದು. ಆ ಕಾರನ್ನು ಓಡಿಸಲೇಬೇಡಿ, ಮೆಕ್ಯಾನಿಕ್‌ರನ್ನೇ ಮನೆಗೆ ಕರೆಸಿ.

ತೊಟ್ಟಿಕ್ಕುವ ಜಾಗವೇ ಸೋರುವ ಜಾಗ ಎಂದುಕೊಳ್ಳುವುದು ದೊಡ್ಡ ತಪ್ಪು. ಆಯಿಲ್ ಮೇಲಿಂದ ಇಳಿಯುತ್ತದೆ, ಕಾರು ಓಡುವಾಗ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಟ್ಯಾಪೆಟ್ ಕವರ್ ಪ್ಯಾಕಿಂಗ್ ಹೋಗಿದ್ದರೂ ಕೆಳಗಿನ ಚೇಂಬರ್ ಒದ್ದೆಯಾಗಿರುತ್ತದೆ. ಎಂಜಿನ್ ತಣ್ಣಗಿರುವಾಗ ಒರೆಸಿ, ಇಪ್ಪತ್ತು ನಿಮಿಷ ಓಡಿಸಿ, ಟಾರ್ಚ್ ಹಿಡಿದು ಒದ್ದೆಯಾದ ಅತಿ ಮೇಲಿನ ಜಾಗ ಹುಡುಕಿ. ಎಷ್ಟು ಸೀಲ್ ಬದಲಿಸಿದರೂ ಮತ್ತೆ ಸೋರುತ್ತಿದ್ದರೆ, ಎಂಜಿನ್ ಒಳಗಿನ ಆವಿಯನ್ನು ಹೊರಬಿಡುವ ಪಿಸಿವಿ ವಾಲ್ವ್ ಕಟ್ಟಿಕೊಂಡಿದೆಯೇ ಎಂದು ಕೇಳಿ. ಅದು ಕಟ್ಟಿದರೆ ಒಳಗಿನ ಒತ್ತಡ ಏರಿ ಹೊಸ ಸೀಲಿನಿಂದಲೂ ಆಯಿಲ್ ಹೊರಬರುತ್ತದೆ.

ಎರಡಕ್ಕೂ ಒಂದೇ ಕಾರಣ ಇರಬಹುದೇ?

ಇರಬಹುದು, ಸಂದೇಶದಲ್ಲಿನ ಅಲ್ಪಸ್ವಲ್ಪ ಸತ್ಯ ಇಲ್ಲಿದೆ. ಸ್ಪಾರ್ಕ್ ಪ್ಲಗ್‌ಗಳು ಎಂಜಿನ್ ನೆತ್ತಿಯ ಗುಂಡಿಗಳಲ್ಲಿ ಕೂತಿರುವ ಕಾರುಗಳಲ್ಲಿ ಪ್ಯಾಕಿಂಗ್ ಹೋದರೆ ಆಯಿಲ್ ಆ ಗುಂಡಿಗೆ ಇಳಿದು ಕಿಡಿಯನ್ನು ಕೆಡಿಸುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ನೀಲಿ ಹೊಗೆ ಬಂದು ನಿಂತುಹೋದರೆ ವಾಲ್ವ್ ಸೀಲ್ ಮೇಲೆ ಅನುಮಾನ. ನೀಲಿ ಹೊಗೆ ನಿಲ್ಲದೆ, ನೆಲದ ಮೇಲೆ ಕಲೆಯಿಲ್ಲದೆ ಆಯಿಲ್ ಕಡಿಮೆಯಾಗುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಆಗ ಎಂಜಿನ್ ಬಿಚ್ಚಿಸಲು ಒಪ್ಪುವ ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ. ಸಾವಿರಾರು ರೂಪಾಯಿಯ ಕೆಲಸ ನಿಜಕ್ಕೂ ಬೇಕೇ ಎಂಬುದು ಅದರಲ್ಲೇ ತಿಳಿಯುತ್ತದೆ.

ಇವನ್ನು ಮಾತ್ರ ಮಾಡಬೇಡಿ

ಕಾರ್ಬ್ಯುರೇಟರ್‌ಗೆ ಬಾಟಲಿಯಿಂದ ಪೆಟ್ರೋಲ್ ಸುರಿದು ಸ್ಟಾರ್ಟ್ ಮಾಡುವ ವಿಡಿಯೊಗಳೂ ಹರಿದಾಡುತ್ತಿವೆ. ಎಂಜಿನ್ ಒಮ್ಮೆ ಹಿಮ್ಮುಖವಾಗಿ ಬೆಂಕಿ ಉಗುಳಿದರೆ ಕೈ, ಮುಖ ಎರಡೂ ಸುಡುತ್ತವೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಕಾರು ಬಿಸಿ ಮಾಡಲು ಬಿಡಬೇಡಿ. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ಪ್ರಾಣ ತೆಗೆಯುತ್ತದೆ. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಆಯಿಲ್ ಬಿದ್ದು ಸುಟ್ಟ ವಾಸನೆ ಬರುತ್ತಿದ್ದರೆ ರಿಪೇರಿ ಮುಂದೂಡಬೇಡಿ, ಬೆಂಕಿ ಹತ್ತುವ ಅಪಾಯವಿದೆ. ಇನ್ನು ಓಡುವಾಗ ಕೆಂಪು ಆಯಿಲ್ ದೀಪ ಹೊತ್ತಿಕೊಂಡರೆ ಹತ್ತಿರದ ಗ್ಯಾರೇಜ್‌ವರೆಗೆ ಹೋದರಾಯಿತು ಎನ್ನಬೇಡಿ. ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ನೋಡಿ. ಮಟ್ಟ ಸರಿಯಿದ್ದೂ ದೀಪ ಆರದಿದ್ದರೆ ಗಾಡಿಯನ್ನು ಎಳೆಸಿಕೊಂಡೇ ಹೋಗಿ.