ತಂತ್ರಾಂಶ ಖರೀದಿಯ ಕಟ್ಟಳೆಗಳು: ಕನ್ನಡಕ್ಕೆ ಎಡೆ ಎಲ್ಲಿ?

ಸರಕಾರಿ ಕಚೇರಿಗೆ ಹೊಸ ತಂತ್ರಾಂಶ ಬಂದಾಗಲೆಲ್ಲ ಅದರಲ್ಲಿ ಕನ್ನಡವಿಲ್ಲವೆಂಬ ದೂರು ಗಡಿನಾಡಿನಲ್ಲಿ ಏಳುತ್ತದೆ. ಒಪ್ಪಂದದಲ್ಲಿ ಅದು ಸೇರಿಲ್ಲವೆಂಬ ಉತ್ತರ ಬರುತ್ತದೆ. ಈ ಉತ್ತರದ ಬೇರು ಖರೀದಿಯ ಕ್ರಮದಲ್ಲಿದೆ.

ಯಾವ ನಿಯಮ?
ಕೇಂದ್ರದ ಕಚೇರಿಗಳಿಗೆ 2017ರ ಸಾಮಾನ್ಯ ಹಣಕಾಸು ನಿಯಮಾವಳಿ ಅನ್ವಯಿಸುತ್ತದೆ. ತಮಿಳುನಾಡಿನಲ್ಲಿ 1998ರ ಟೆಂಡರ್ ಪಾರದರ್ಶಕತೆ ಕಾಯಿದೆಯೂ ಕೇರಳದಲ್ಲಿ ಸ್ಟೋರ್ಸ್ ಪರ್ಚೇಸ್ ಮ್ಯಾನ್ಯುವಲ್ ಕೂಡ ಜಾರಿಯಲ್ಲಿವೆ. ಹೆಸರು ಬೇರೆಯಾದರೂ ಮೆಟ್ಟಿಲುಗಳು ಹೆಚ್ಚುಕಡಿಮೆ ಒಂದೇ: ಅಗತ್ಯದ ನಿರ್ಣಯ, ಮಂಜೂರಾತಿ, ತಾಂತ್ರಿಕ ವಿವರಣೆ, ಟೆಂಡರ್, ಮೌಲ್ಯಮಾಪನ, ಒಪ್ಪಂದ, ಪಾವತಿ.

ತೊಡಕು ಎಲ್ಲಿ?
ಈ ಕಟ್ಟಳೆಗಳು ಬೆಂಚು, ಬೀರುಗಳಂತಹ ಸಾಮಗ್ರಿಗೆ ಹೊಂದುತ್ತವೆ. ತಂತ್ರಾಂಶವಾದರೋ ಕಣ್ಣಿಗೆ ಕಾಣುವ ವಸ್ತುವಲ್ಲ. ದಾಸ್ತಾನು ಪುಸ್ತಕದಲ್ಲಿ ಅದನ್ನು ದಾಖಲಿಸುವುದೇ ಸಮಸ್ಯೆ. ಪೂರೈಕೆಯ ಬಳಿಕವೇ ಹಣವೆಂಬುದು ಸಾಮಾನ್ಯ ನಿಯಮ. ವಾರ್ಷಿಕ ಪರವಾನಗಿಗೆ ಮುಂಗಡ ಪಾವತಿಯೇ ರೂಢಿ. ಒಂದೇ ಕಂಪೆನಿಯ ಉತ್ಪನ್ನ ಬೇಕೆಂದರೆ, ಬೇರೆ ಯಾವುದೂ ಸಲ್ಲದೆಂದು ಪ್ರಮಾಣಪತ್ರ ಬರೆದುಕೊಡಬೇಕು. ಇವೆಲ್ಲ ಭ್ರಷ್ಟಾಚಾರಕ್ಕೆ ಹಾಕಿದ ಬೇಲಿಗಳು, ಅನಗತ್ಯವೆನ್ನಲಾಗದು. ಆದರೆ ಕಡತ ಮೇಜಿನಿಂದ ಮೇಜಿಗೆ ಸಾಗಿ ಬರುವಷ್ಟರಲ್ಲಿ ತಂತ್ರಾಂಶದ ಆವೃತ್ತಿಯೇ ಹಳತಾಗಿರುವುದುಂಟು.

ಕನ್ನಡ ಬಿಟ್ಟುಹೋಗುವ ಹಂತ
ತಾಂತ್ರಿಕ ವಿವರಣೆಯು ಮೂಲಭೂತ ಅಗತ್ಯಗಳನ್ನಷ್ಟೇ ಪೂರೈಸಬೇಕು, ಅನಗತ್ಯ ವೆಚ್ಚ ತರುವ ಹೆಚ್ಚುವರಿ ಅಂಶಗಳು ಅದರಲ್ಲಿರಬಾರದು ಎನ್ನುತ್ತದೆ ಕೇಂದ್ರ ನಿಯಮಾವಳಿಯ 144ನೇ ನಿಯಮ. ರಾಜಧಾನಿಯಲ್ಲಿ ಕುಳಿತ ಸಮಿತಿಗೆ ತಾಲೂಕೊಂದರ ಅಲ್ಪಸಂಖ್ಯಾತ ಭಾಷೆ ಇಂತಹ ಹೆಚ್ಚುವರಿ ಅಂಶವಾಗಿ ತೋರಿದರೆ ಅಚ್ಚರಿಯಿಲ್ಲ. ವಿವರಣೆಯಲ್ಲಿಲ್ಲದ್ದನ್ನು ಪೂರೈಸುವ ಹೊಣೆ ಗುತ್ತಿಗೆದಾರನಿಗಿಲ್ಲ. ಬೆಲೆ ತೆರೆದ ಮೇಲೆ ಹೊಸ ಅಂಶ ಸೇರಿಸಿದರೆ ಉಳಿದ ಸ್ಪರ್ಧಿಗಳಿಗೆ ಅನ್ಯಾಯವೆಂಬ ಆಕ್ಷೇಪ ಏಳುತ್ತದೆ. ಯಾರ ತಪ್ಪೂ ಇಲ್ಲದೆ ಕನ್ನಡ ಹೊರಗುಳಿಯುತ್ತದೆ.

ನಮ್ಮ ಕೈಯಲ್ಲಿರುವುದು
ಆದುದರಿಂದ ಮನವಿ ಸಲ್ಲಬೇಕಾದುದು ಉದ್ಘಾಟನೆಯ ಬಳಿಕವಲ್ಲ, ವಿವರಣೆ ಸಿದ್ಧವಾಗುವ ಮುನ್ನ. ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರ ಪತ್ರವ್ಯವಹಾರಕ್ಕೆ ಅವಕಾಶವಿತ್ತಿದೆ. ಯೂನಿಕೋಡ್ 2009ರಿಂದ ಭಾರತ ಸರಕಾರದ ಇ-ಆಡಳಿತದ ಮಾನದಂಡ. ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ಕೇಂದ್ರದ ನೀತಿ 2015ರದು. ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆ ಅಂತಹ ತಂತ್ರಾಂಶವನ್ನೇ ಬಳಸುತ್ತಿದೆ. ಮೂಲಸಂಕೇತ ತೆರೆದಿದ್ದರೆ ಭಾಷೆ ಸೇರಿಸಲು ಕಂಪೆನಿಯ ಕೃಪೆ ಬೇಡ.

ಮನವಿಯಲ್ಲಿ 'ಕನ್ನಡ ಬೇಕು' ಎಂದಷ್ಟೇ ಬರೆದರೆ ಸಾಲದು. ಅರ್ಜಿ ನಮೂನೆ, ಹೆಸರಿನ ನಮೂದು, ರಶೀದಿ, ಪ್ರಮಾಣಪತ್ರ, ಮೊಬೈಲ್ ಸಂದೇಶ ಇವೆಲ್ಲ ಯೂನಿಕೋಡ್ ಕನ್ನಡದಲ್ಲಿರಬೇಕು, ಅಂತಿಮ ಪಾವತಿಗೆ ಮುನ್ನ ಅದರ ಪರೀಕ್ಷೆ ನಡೆಯಬೇಕು ಎಂದು ಒಂದೊಂದಾಗಿ ಕೇಳಬೇಕು. ಸಿದ್ಧವಾದ ವಿವರಣೆಯ ಪ್ರತಿಗೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಿದರೆ 30 ದಿನಗಳಲ್ಲಿ ಉತ್ತರ ಬರಬೇಕು. ಆ ಪ್ರತಿಯಲ್ಲಿ ಕನ್ನಡದ ಒಂದು ಸಾಲಿದ್ದರೆ ಅದು ಹಕ್ಕು. ಇಲ್ಲದಿದ್ದರೆ ಮುಂದಿನ ಟೆಂಡರಿನವರೆಗೆ ಬರಿಯ ವಿನಂತಿ.