ಮಳೆಮೋಡದ ಮೇಲಣ ಹಿಮಮೋಡ

ಆಷಾಢದಲ್ಲಿ ಭಟ್ಕಳದಿಂದ ಕುಮಟೆಗೆ ಹೋಗುವಾಗ ನನಗೆ ಕಾಣುವುದು ಪಡುವಣದಿಂದ ನುಗ್ಗಿಬರುವ ಕರಿಮೋಡವೊಂದೇ. ಅದರ ಮೇಲೆ, ಸುಮಾರು 12ರಿಂದ 15 ಕಿಲೋಮೀಟರು ಎತ್ತರದಲ್ಲಿ, ಹಿಮಹರಳುಗಳ ತೆಳುಮೋಡ ತದ್ವಿರುದ್ಧವಾಗಿ ಮೂಡಣದಿಂದ ಪಡುವಣಕ್ಕೆ ಹರಿಯುತ್ತಿರುತ್ತದೆಂದರೆ ನಂಬುವುದು ಕಷ್ಟ. ಅದನ್ನು ಒಯ್ಯುವ ಗಾಳಿಯ ಹೊನಲನ್ನು 1958ರಲ್ಲಿ ವಿವರಿಸಿದವರು ನಮ್ಮ ಹವಾಮಾನ ಇಲಾಖೆಯ ಪಿ. ಕೋಟೇಶ್ವರಂ.

ಈ ಮೋಡಕ್ಕೆ ‘ಸಿರಸ್’, ಎಂದರೆ ಗುಂಗುರುಕೂದಲು, ಎಂದು 1802ರಲ್ಲಿ ಹೆಸರಿಟ್ಟವನು ಲಂಡನ್ನಿನ ಲ್ಯೂಕ್ ಹೋವರ್ಡ್. ಔಷಧಿ ತಯಾರಿಸುವವನೊಬ್ಬ ಮೋಡಗಳಿಗೆ ನಾಮಕರಣ ಮಾಡಿದನೆಂಬುದು ನನಗೆ ಇಂದಿಗೂ ಮೋಜು! ಹೊನ್ನಾವರದ ಹವಾ ವೀಕ್ಷಣಾಲಯದಂಥ ಕಡೆ ಮೋಡವನ್ನು ಕಣ್ಣಿಂದ ನೋಡಿ ಬರೆದಿಡುವುದು ಹಳೆಯ ಪದ್ಧತಿ. ಮಳೆಗಾಲದಲ್ಲಿ ನೋಡುವುದಾದರೂ ಏನನ್ನು? ಆಂಧ್ರದ ಗಾದಂಕಿಯಲ್ಲಿ 1998ರಿಂದ ನೆಲದಿಂದ ಲೇಸರ್ ಬೆಳಕು ಹಾಯಿಸಿ ಅಭ್ಯಾಸ ನಡೆಯಿತು. ದಟ್ಟ ಮೋಡ ಅಡ್ಡಬಂದರೆ ಆ ಬೆಳಕೂ ಕುರುಡೇ.

ಹಾಗಾದರೆ ಮೇಲಿನಿಂದಲೇ ನೋಡಬೇಕು. 2006ರ ಏಪ್ರಿಲ್ 28ರಂದು ಹಾರಿದ ಕ್ಯಾಲಿಪ್ಸೊ ಉಪಗ್ರಹ 2023ರವರೆಗೆ ಆ ಕೆಲಸ ಮಾಡಿತು. ಹರಳಿಗೆ ತಗುಲಿ ಮರಳುವ ಬೆಳಕಿನ ಕಂಪನದ ದಿಕ್ಕು ಬದಲಾಗುತ್ತದೆ. ದುಂಡು ನೀರಹನಿಗೆ ತಗುಲಿದ್ದು ಬಹುಮಟ್ಟಿಗೆ ಬದಲಾಗದು. ಹಿಮವನ್ನು ಗುರುತು ಹಿಡಿದದ್ದು ಹೀಗೆ.

ಇದೆಲ್ಲ ಏತಕ್ಕೆಂದು ವಾಚಕರು ಕೇಳಬಹುದು. ತೆಳು ಹಿಮಮೋಡ ಬಿಸಿಲನ್ನು ಒಳಬಿಟ್ಟು, ಭೂಮಿಯ ಶಾಖವನ್ನು ಕಂಬಳಿಯಂತೆ ತಡೆಯುತ್ತದೆ. ಕಾವೇರುತ್ತಿರುವ ಲೋಕದಲ್ಲಿ ಅದರ ಪಾಲು ಎಷ್ಟೆಂಬುದು ಇನ್ನೂ ಇತ್ಯರ್ಥವಾಗಿಲ್ಲ. 2024ರ ಮೇ 28ರಂದು ಮೇಲೇರಿದ ಅರ್ತ್‌ಕೇರ್ ಉಪಗ್ರಹ ಆ ಅಳತೆಯನ್ನು ಮತ್ತೆ ಕೈಗೆತ್ತಿಕೊಂಡಿತು.